ಮೇಷ್ಟ್ರ ಮುಂಹಲ್ಲು

ಫೆಬ್ರವರಿ ೩

ಅವಸರಮ್ಮನಿಗೆ ಆಶೀರ್ವಾದಗಳು.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆಂದು ಗೊಣಗಬೇಡ. ಹಲ್ಲಿನ ಲ್ಯಾಬಿನ ಗ್ರೈಂಡರ್ ಪಕ್ಕದಲ್ಲಿ ನಲವತ್ತು ವರ್ಷ ಕೂತು ಬಂದ ಕಿವಿ ಇದು. ಫೋನಿನಲ್ಲಿ ನೀನು ಏನು ಹೇಳಿದರೂ ನನಗೆ ಗುಂಯ್ ಎನ್ನುವುದೊಂದೇ ಕೇಳುತ್ತದೆ. ಕಾಗದವಾದರೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಬಹುದು, ಬೇಕಾದರೆ ತಪ್ಪೂ ಹುಡುಕಬಹುದು.

ವಿಷಯ ಏನೆಂದರೆ, ನಾನು ಹಲ್ಲು ಮಾಡಿಸಿಕೊಳ್ಳುತ್ತಿದ್ದೇನೆ. ನಗಬೇಡ. ಮೇಲಿನ ಸಾಲಿನ ಮುಂದಿನ ನಾಲ್ಕಕ್ಕೆ ವಿನೀರ್. ಎಲ್ಲ ನಮ್ಮ ಅಕ್ಕನ ಕಿತಾಪತಿ. ಲ್ಯಾಬ್ ಬಿಟ್ಟು ಅವಳ ಮನೆಗೆ ಬಂದಾಗಿನಿಂದ ಊಟಕ್ಕೆ ಕೂತಾಗಲೆಲ್ಲ ನನ್ನ ಬಾಯನ್ನೇ ನೋಡುತ್ತಿರುತ್ತಾಳೆ. ಮೊನ್ನೆ ತಡೆಯಲಾರದೆ ಹೇಳಿಯೇಬಿಟ್ಟಳು: "ಅಲ್ವೋ, ಊರೋರ ಹಲ್ಲೆಲ್ಲಾ ಚೆಂದ ಮಾಡಿ ಕಳಿಸ್ದೋನು ನೀನು. ನಿನ್ನ ಬಾಯಿ ತೆಗೆದ್ರೆ ಸೌದೆ ಡಿಪೋ ಥರ ಇದೆಯಲ್ಲೋ!"

ಸುಳ್ಳೇನಲ್ಲ. ಒಂದು ಬ್ರಷ್ಷಿನಲ್ಲಿ ಪಿಂಗಾಣಿ ಹಚ್ಚುವಾಗ ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ನನ್ನ ಚಾಳಿ ನಿನಗೆ ಗೊತ್ತಲ್ಲ. ಅದರಿಂದ ಎಡಗಡೆಯ ಹಲ್ಲಿಗೆ ಕಚ್ಚು ಬಿದ್ದಿದೆ, ಅದರ ಪಕ್ಕದ್ದರ ಮೂಲೆ ಹಾರಿದೆ, ಉಳಿದೆರಡು ಟೀ ಕುಡಿದು ಕುಡಿದು ಬಣ್ಣ ಕೆಟ್ಟಿವೆ. ಹಲ್ಲು ಕೀಳುವುದಿಲ್ಲ, ಮುಂಭಾಗವನ್ನು ಚೂರು ಸವೆಸಿ ಅದರ ಮೇಲೆ ಉಗುರಿನಷ್ಟು ತೆಳ್ಳಗಿನ ಪಿಂಗಾಣಿ ಹೊದಿಕೆ ಅಂಟಿಸುತ್ತಾರೆ ಎಂದು ಅಕ್ಕನಿಗೆ ಬಿಡಿಸಿ ಹೇಳಿದೆ. "ಬಚ್ಚಲಮನೆಗೆ ಟೈಲ್ಸ್ ಹಾಕಿದ ಹಾಗಾ?" ಎಂದಳು. ಹೌದಮ್ಮ, ಹಾಗೇ ಎಂದುಬಿಟ್ಟೆ. ಇವಳ ಹತ್ತಿರ ವಾದ ಮಾಡಿ ಗೆದ್ದವರಿಲ್ಲ.

ಇಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನವರು, ಕೈ ಹಗುರ. ಯಾವ ಲ್ಯಾಬಿಗೆ ಕಳಿಸಲಿ ಎಂದು ಕೇಳಿದರು. ನಾನು ಚೀಟಿಯಲ್ಲಿ ಬರೆದುಕೊಟ್ಟೆ: ಇಂಥ ಲ್ಯಾಬ್, ಅಲ್ಲಿ ನನ್ನ ಶಿಷ್ಯೆ ಇದ್ದಾಳೆ, ಅವಳ ಕೈಯಿಂದಲೇ ಆಗಬೇಕು, ಬೇರೆಯವರು ಮುಟ್ಟಕೂಡದು.

ನನ್ನ ಮೇಜಿನಲ್ಲಿ ಈಗ ನೀನೇ ಕೂರುತ್ತಿರಬೇಕಲ್ಲವೇ? ಮಧ್ಯಾಹ್ನವಾದ ಮೇಲೆ ಎದುರಿನ ಕಟ್ಟಡದ ಗೋಡೆಯಿಂದ ಹಳದಿ ಬೆಳಕು ಕಿಟಕಿಗೆ ಹೊಡೆಯುತ್ತದೆ. ಬಣ್ಣ ನೋಡುವುದಿದ್ದರೆ ಬೆಳಗ್ಗೆಯೇ ನೋಡಿಬಿಡು. ಮತ್ತೆ, ಮೇಷ್ಟ್ರ ಹಲ್ಲು ತಾನೇ ಎಂದು ಹಗುರವಾಗಿ ತೆಗೆದುಕೊಳ್ಳಬೇಡ. ನನ್ನ ಮುಂದೆ ಒಂದೇ ಏಟಿಗೆ ಪಾಸಾದ ಹಲ್ಲು ಇನ್ನೂ ಹುಟ್ಟಿಲ್ಲ.

ಇಂತಿ,
ಮೇಷ್ಟ್ರು


ಫೆಬ್ರವರಿ ೧೧

ಮೇಷ್ಟ್ರೇ, ನಮಸ್ಕಾರ.

ನಗಬೇಡ ಎಂದಿರಿ. ನಕ್ಕೆ. ಲ್ಯಾಬಿನಲ್ಲಿ ಕಾಗದ ಓದಿ ಹೇಳಿದೆ, ಎಲ್ಲರೂ ನಕ್ಕರು. ಅಕ್ಕನವರಿಗೆ ನಮ್ಮೆಲ್ಲರ ಪರವಾಗಿ ಒಂದು ದೊಡ್ಡ ನಮಸ್ಕಾರ ಹೇಳಿ. ಹನ್ನೊಂದು ವರ್ಷ ನಿಮ್ಮ ಪಕ್ಕ ಕೂತರೂ ಆ ಮಾತು ಹೇಳುವ ಧೈರ್ಯ ನಮ್ಮಲ್ಲಿ ಒಬ್ಬರಿಗೂ ಬಂದಿರಲಿಲ್ಲ.

ನಿಮ್ಮ ಮೇಜು, ಕಿಟಕಿ ಎಲ್ಲ ಇದ್ದ ಹಾಗೇ ಇವೆ. ಚಿಂತೆ ಬೇಡ.

ಒಂದು ವಿಷಯ ಹೇಳಬಾರದು ಎಂದುಕೊಂಡಿದ್ದೆ, ಆದರೆ ಲ್ಯಾಬಿನ ಯಜಮಾನರ ಬಾಯಿಂದ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ವಾಸಿ. ನೀವು ಹೋದ ಮೇಲೆ ಮುಂಹಲ್ಲಿನ ಕೆಲಸ ಯಾರಿಗೆ ಎಂದು ಇನ್ನೂ ತೀರ್ಮಾನವಾಗಿಲ್ಲ. ಒಬ್ಬ ಹೊಸಬ ಬಂದಿದ್ದಾನೆ. ಕಂಪ್ಯೂಟರಿನಲ್ಲಿ ಹಲ್ಲಿನ ಚಿತ್ರ ಬಿಡಿಸುತ್ತಾನೆ, ಮಶೀನು ಕೆತ್ತಿ ಕೊಡುತ್ತದೆ. ಮೌಸ್ ಮೇಲಿಂದ ಕೈ ಎತ್ತುವವನೇ ಅಲ್ಲ ಎಂದು ನಾವೆಲ್ಲ ಅವನಿಗೆ ಇಲಿಯಪ್ಪ ಎಂದು ಹೆಸರಿಟ್ಟಿದ್ದೇವೆ. ಒಳ್ಳೆಯವನು, ಕೆಲಸವೂ ಚುರುಕು. ಯಜಮಾನರಿಗೆ ಮಶೀನಿನ ಮೇಲೆ ಹೊಸ ಅಳಿಯನ ಮೇಲಿನಷ್ಟು ಪ್ರೀತಿ. ನಾನು ಸದ್ಯಕ್ಕೆ ದವಡೆ ಹಲ್ಲುಗಳನ್ನೇ ಹೆಚ್ಚಾಗಿ ಮಾಡುತ್ತಿದ್ದೇನೆ.

ನಿಮ್ಮ ಚೀಟಿ ಯಜಮಾನರ ಕೈಗೆ ಬಂತು. ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು. "ಆಯ್ತಮ್ಮ, ಮಾಡು. ಮೇಷ್ಟ್ರು ಒಂದೇ ಸಲಕ್ಕೆ ಒಪ್ಪಿದ್ರೆ ಮುಂಹಲ್ಲಿನ ಕೆಲಸ ಇನ್ಮೇಲೆ ನಿಂದೇ. ವಾಪಸ್ ಬಂತೋ, ಮಶೀನಿಗೆ. ಆಮೇಲೆ ನನ್ನ ಹತ್ರ ಬಂದು ಮುಖ ಊದಿಸ್ಕೋಬಾರ್ದು," ಎಂದರು. ನೀವು ಯಾರಿಗೂ ಒಂದೇ ಸಲಕ್ಕೆ ಒಪ್ಪಿದವರಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ನನಗೂ ಗೊತ್ತು. ಆದರೂ ಆಗಲಿ ಎಂದೆ.

ಇದನ್ನು ಹೇಳಿದ್ದಕ್ಕೆ ನೀವು ಕರಗಿ, ಕಣ್ಣು ಮುಚ್ಚಿಕೊಂಡು ಸರಿ ಎಂದುಬಿಟ್ಟರೆ ನನಗೆ ಗೊತ್ತಾಗಿಯೇ ಆಗುತ್ತದೆ. ಹಾಗೆ ಸಿಕ್ಕ ಮುಂಹಲ್ಲಿನ ಮೇಜು ನನಗೆ ಬೇಡ. ನನ್ನ ಕೈ ಮೇಲೆ ನನಗೆ ನಂಬಿಕೆ ಇದೆ. ಡಾಕ್ಟರಮ್ಮನಿಗೆ ಹೇಳಿ, ಅಚ್ಚು ಬೇಗ ಕಳಿಸಲಿ.

ನಿಮ್ಮ
ಅವಸರಮ್ಮ


ಫೆಬ್ರವರಿ ೧೯

ಅವಸರಮ್ಮನಿಗೆ,

ಯಜಮಾನನಿಗೆ ಹೇಳು, ನಾನು ಯಾರ ಮೇಜಿಗಾಗಿಯೂ ಹಲ್ಲು ಕಟ್ಟಿಸಿಕೊಳ್ಳುವವನಲ್ಲ. ಚೆನ್ನಾಗಿದ್ದರೆ ಇಟ್ಟುಕೊಳ್ಳುತ್ತೇನೆ, ಇಲ್ಲದಿದ್ದರೆ ವಾಪಸು. ನೀನು ಕೇಳಿದ್ದೂ ಅದನ್ನೇ ತಾನೇ? ಆ ಮಾತು ಓದಿ ಖುಷಿಯಾಯಿತು. ಎಷ್ಟು ಖುಷಿ ಎಂದು ಬರೆಯುವುದಿಲ್ಲ, ಬರೆದರೆ ನಿನ್ನ ತಲೆ ನಿಲ್ಲುವುದಿಲ್ಲ.

ನಿನ್ನೆ ಹಲ್ಲು ಸವೆಸಿದರು. ಕುರ್ಚಿಯ ಮೇಲೆ ಒರಗಿಕೊಂಡು ದೀಪ ನೋಡುತ್ತಾ ಇದ್ದಾಗ ಒಂದು ಕ್ಷಣ ಎದ್ದು ಓಡಿಹೋಗೋಣ ಎನಿಸಿತು, ನಿಜ ಹೇಳುತ್ತೇನೆ. ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಇಷ್ಟು ವರ್ಷ ಸಾವಿರಾರು ಜನರ ಸವೆಸಿದ ಹಲ್ಲಿನ ಅಚ್ಚು ಕೈಯಲ್ಲಿ ಹಿಡಿದಿದ್ದೇನೆ, ಒಬ್ಬೊಬ್ಬರೂ ಹೀಗೆ ಒರಗಿಕೊಂಡು ಹೆದರಿದ್ದರು ಎಂದು ಒಮ್ಮೆಯೂ ಹೊಳೆದಿರಲಿಲ್ಲ ನೋಡು.

ಈಗ ಮೇಲೆ ತಾತ್ಕಾಲಿಕ ಪ್ಲಾಸ್ಟಿಕ್ ಅಂಟಿಸಿದ್ದಾರೆ. ಗಟ್ಟಿ ಏನೂ ಕಚ್ಚಬಾರದಂತೆ. ಅಕ್ಕ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ಕೊಡುತ್ತಾಳೆ, ಕೊಡುವಾಗ ಮಗುವಿಗೆ ತಿನ್ನಿಸುವ ಮುಖ ಮಾಡುತ್ತಾಳೆ. ಅಚ್ಚು, ಫೋಟೋ, ಬಣ್ಣದ ಶೇಡ್ ನಂಬರು ಎಲ್ಲ ಇವತ್ತಿನ ಪಾರ್ಸೆಲಿನಲ್ಲಿ ಬರುತ್ತಿವೆ. ಬಿಳಿ ಬಿಳಿ ಮಾಡಿ ಕಳಿಸಬೇಡ. ಪಕ್ಕದ ಕೋರೆಹಲ್ಲಿಗೆ ಹೊಂದಬೇಕು. ಈ ವಯಸ್ಸಿನಲ್ಲಿ ಸಿನಿಮಾ ಹಲ್ಲು ಹಾಕಿಕೊಂಡು ಬೀದಿಯಲ್ಲಿ ನಡೆದರೆ ಜನ ನನ್ನನ್ನಲ್ಲ, ಹಲ್ಲನ್ನು ಮಾತಾಡಿಸುತ್ತಾರೆ.

ಮೇಷ್ಟ್ರು


ಮಾರ್ಚ್ ೪

ಮೇಷ್ಟ್ರೇ,

ಇದರ ಜೊತೆಗಿನ ಡಬ್ಬಿಯಲ್ಲಿ ನಿಮ್ಮ ನಾಲ್ಕು ಹಲ್ಲು.

ಹುಸಿ ವಿನಯ ನನಗೆ ಬರುವುದಿಲ್ಲ, ನೀವೇ ಕಲಿಸಿಲ್ಲ. ಚೆನ್ನಾಗಿ ಬಂದಿವೆ. ಮೊದಲು ಮೇಣದಲ್ಲಿ ಮಾಡಿ ನೋಡಿದೆ, ಹಿಡಿಸಲಿಲ್ಲ, ಕೆಡಿಸಿ ಮತ್ತೆ ಮಾಡಿದೆ. ನಿಮ್ಮ ಕೆಳಸಾಲಿನ ಹಲ್ಲು ಸ್ವಲ್ಪ ಬಲಕ್ಕೆ ವಾಲಿವೆ, ಅದಕ್ಕೆ ತಕ್ಕಂತೆ ಮೇಲಿನದನ್ನೂ ಕೂದಲೆಳೆಯಷ್ಟು ತಿರುಗಿಸಿದ್ದೇನೆ, ಗೆರೆ ಎಳೆದ ಹಾಗೆ ನೇರ ನಿಲ್ಲಿಸಿಲ್ಲ. ಅಂಚಿನಲ್ಲಿ ಬೆಳಕು ಹಾಯುವ ಹಾಗೆ ತೆಳ್ಳಗೆ ಬಿಟ್ಟಿದ್ದೇನೆ. ಬಲಗಡೆಯದರ ಮೇಲೆ ವಯಸ್ಸಾದವರ ಹಲ್ಲಿನಲ್ಲಿ ಇರುತ್ತದಲ್ಲ, ಅಂಥ ಒಂದು ಸಣ್ಣ ಉದ್ದ ಗೆರೆ ಒಳಗೇ ಸೇರಿಸಿದ್ದೇನೆ. ಹುಡುಕಿದರೆ ಸಿಗುತ್ತದೆ, ಹುಡುಕದಿದ್ದರೆ ಇಲ್ಲ.

ಫರ್ನೇಸಿನಿಂದ ಕೊನೆಯ ಸಲ ಹೊರಗೆ ತೆಗೆದಾಗ ಇಲಿಯಪ್ಪ ಮೌಸ್ ಬಿಟ್ಟು ಎದ್ದು ಬಂದ. ಎದ್ದು ಬಂದ, ಮೇಷ್ಟ್ರೇ! ಅಚ್ಚನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ, "ಅಕ್ಕಾ, ಇದು ಹೆಂಗೆ ಮಾಡಿದ್ರಿ?" ಎಂದ. ಹೇಳಿಕೊಡುತ್ತೇನೆ ಬಿಡು ಎಂದೆ. ದೊಡ್ಡಸ್ತಿಕೆಯಿಂದಲೇ ಹೇಳಿದೆ, ಒಪ್ಪುತ್ತೇನೆ.

ಕಿಟಕಿ ಬೆಳಕಿನಲ್ಲಿ ಬಣ್ಣ ನೋಡಿದೆಯಾ ಎಂದು ಕೇಳೇ ಕೇಳುತ್ತೀರಿ. ನೋಡಿದೆ.

ಡಾಕ್ಟರಮ್ಮ ಕೂರಿಸಿದ ತಕ್ಷಣ ಎರಡು ಸಾಲು ಬರೆಯಿರಿ. ಯಜಮಾನರು ಈಗಾಗಲೇ ಟಪಾಲಿನವನ ದಾರಿ ಕಾಯುತ್ತಿದ್ದಾರೆ. ನಾನು ಕಾಯುತ್ತಿಲ್ಲ ಎಂದೇನೂ ಅಲ್ಲ.

ಅವಸರಮ್ಮ


ಮಾರ್ಚ್ ೧೩

ಅವಸರಮ್ಮನಿಗೆ,

ನಾಲ್ಕನ್ನೂ ವಾಪಸು ಕಳಿಸುತ್ತಿದ್ದೇನೆ.

ಆಕಾರದ ಬಗ್ಗೆ ಮಾತಿಲ್ಲ. ಅಂಚು, ವಾಲು, ಆ ಗೆರೆ, ಎಲ್ಲ ನೋಡಿದೆ. ಕೂತ ಕಡೆ ಗಟ್ಟಿಯಾಗಿ ಕೂರುತ್ತವೆ. ಡಾಕ್ಟರಮ್ಮ ತೊಳೆದರೆ ಹೋಗುವ ಟ್ರಯಲ್ ಪೇಸ್ಟ್ ಹಚ್ಚಿ ಕೂರಿಸಿದಾಗ ಅವರ ನರ್ಸು ಚಪ್ಪಾಳೆ ತಟ್ಟಿದಳು. ನನಗೂ ಒಳಗೊಳಗೇ ಚಪ್ಪಾಳೆ ಬಂತು.

ಆಮೇಲೆ ಕೈಗನ್ನಡಿ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲಿಗೆ ಬಂದೆ. ಅಕ್ಕ ಹಿಂದೆಯೇ ಬಂದು "ಬೀದೀಲಿ ನಿಂತ್ಕೊಂಡು ಯಾಕೋ ಹಲ್ಲು ಕಿರೀತಿದೀಯಾ, ಒಳಗೆ ಬಾ," ಎಂದು ಕೈ ಎಳೆದಳು. ನಾನು ಹೋಗಲಿಲ್ಲ. ಬಿಸಿಲಿನಲ್ಲಿ ನಾಲ್ಕೂ ಬೂದಿ. ಪಕ್ಕದ ಕೋರೆಹಲ್ಲು ಬೆಣ್ಣೆಯ ಬಣ್ಣ, ಇವು ಹಳೆ ಸುಣ್ಣದ ಗೋಡೆ. ಡಾಕ್ಟರಮ್ಮನನ್ನೂ ಕರೆದೆ. ಅವರು ನೋಡಿ ತಡಮಾಡದೆ ಹೇಳಿದರು: "ಹೌದು ಸಾರ್. ಒಳಗಿನ ದೀಪದಲ್ಲಿ ಗೊತ್ತಾಗ್ಲಿಲ್ಲ. ನೀವು ಅಂಟಿಸೋ ಮುಂಚೆ ಹೊರಗೆ ಬಂದಿದ್ದು ಒಳ್ಳೇದಾಯ್ತು."

ಇದು ಟ್ಯೂಬ್‌ಲೈಟಿನಡಿ ಕೂತು ನೋಡಿದ ಬಣ್ಣ. ಅಲ್ಲಿ ಹೊಂದುತ್ತದೆ, ಬಿಸಿಲಿಗೆ ಬಂದರೆ ಗುಟ್ಟು ಬಿಟ್ಟುಕೊಡುತ್ತದೆ. ನೀನು ಕಿಟಕಿಗೆ ಹೋಗಿಲ್ಲ. ಪಕ್ಕದಲ್ಲೇ ಕಿಟಕಿ ಇಟ್ಟುಕೊಂಡು ಕತ್ತು ತಿರುಗಿಸಲಿಲ್ಲ. ಇದಕ್ಕೆ ನಾನು ಮೈಗಳ್ಳತನ ಎನ್ನುತ್ತೇನೆ. ಅದರ ಮೇಲೆ 'ನೋಡಿದೆ' ಎಂದು ಬೇರೆ ಬರೆದೆ.

ನಿನ್ನ ಮೇಜಿನ ಮಾತು ಮರೆತಿಲ್ಲ. ಮರೆತಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು


ಮಾರ್ಚ್ ೧೮

ಮಾನ್ಯ ಮೇಷ್ಟ್ರಿಗೆ,

ಡಬ್ಬಿ ತಲುಪಿತು. ಯಜಮಾನರಿಗೆ ತಿಳಿಸಿದ್ದೇನೆ. ಹೊಸದು ಮಾಡಿ ಕಳಿಸಲಾಗುವುದು. ಯಾರು ಮಾಡುತ್ತಾರೆ ಎಂಬುದು ಅವರಿಗೆ ಬಿಟ್ಟದ್ದು.

ತೊಂದರೆಗೆ ವಿಷಾದಿಸುತ್ತೇವೆ.


ಮಾರ್ಚ್ ೩೦

ಅವಸರಮ್ಮನಿಗೆ,

ಏನದು, 'ವಿಷಾದಿಸುತ್ತೇವೆ'? ಬ್ಯಾಂಕಿನವರಾ ನೀವು? ಆ ಕಾಗದವನ್ನು ಅಕ್ಕನಿಗೆ ಓದಿ ಹೇಳಿದೆ. "ಇದು ಆ ಹುಡುಗಿ ಬರೆದಿದ್ದಲ್ಲ, ಅವಳ ಸಿಟ್ಟು ಬರೆದಿದ್ದು," ಎಂದಳು. ನಿನ್ನ ಮಾತು ಒಂದಾದರೂ ಸಿಗುತ್ತದೇನೋ ಎಂದು ಮತ್ತೆ ಮತ್ತೆ ಓದಿದೆ. ನಿನ್ನ ಸಿಟ್ಟಾದರೂ ಸರಿ, ಎರಡು ಸಾಲು ಬರೆಯಬಾರದೇ? ದಿನಾ ಗೇಟಿನ ಹತ್ತಿರ ನಿಂತು ಟಪಾಲಿನವನಿಗೆ ನನ್ನ ಪ್ಲಾಸ್ಟಿಕ್ ಹಲ್ಲು ತೋರಿಸಿ ತೋರಿಸಿ ಸಾಕಾಗಿದೆ.

ಮೈಗಳ್ಳತನ ಎಂದದ್ದು ಜಾಸ್ತಿಯಾಯಿತು ಎಂದು ಅಕ್ಕ ಹೇಳುತ್ತಾಳೆ. ಅಕ್ಕ ಹೇಳುತ್ತಾಳೆ ಎಂದೆ, ನೆನಪಿರಲಿ.

ಆದರೆ ಇದು ನನ್ನ ಮಾತು. ಆ ಹಲ್ಲುಗಳನ್ನು ಡಬ್ಬಿಗೆ ಹಾಕುವಾಗ ನನ್ನ ಕೈ ಬರಲಿಲ್ಲ. ಆಕಾರ ಅಷ್ಟು ಚೆನ್ನಾಗಿತ್ತು. ನಾನು ಮಾಡಿದ್ದರೆ ಅಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಎಂದು ಬರೆಯಲು ಹೊರಟು, ಬರೆದರೆ ನೀನು ಬಣ್ಣದ ಮಾತನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂದು ಬಿಟ್ಟೆ. ಈಗ ಬರೆದಿದ್ದೇನೆ.

ಒಂದು ದಾರಿ ಇದೆ. ಶೇಡ್ ನಂಬರು ಕ್ಲಿನಿಕ್ಕಿನಲ್ಲೇ ತಪ್ಪಾಗಿತ್ತು, ಲ್ಯಾಬಿನ ತಪ್ಪೇನೂ ಇಲ್ಲ ಎಂದು ಯಜಮಾನನಿಗೆ ಬರೆದುಬಿಡುತ್ತೇನೆ. ಡಾಕ್ಟರಮ್ಮನನ್ನು ಕೇಳಿದೆ. ಮುಖ ಸ್ವಲ್ಪ ಸಣ್ಣದಾಯಿತು, ಆದರೂ "ನಿಮಗೋಸ್ಕರ ಒಂದ್ಸಲ ಒಪ್ಕೋತೀನಿ ಸಾರ್," ಎಂದರು. ವಾಪಸು ಬಂದದ್ದು ಲೆಕ್ಕಕ್ಕಿಲ್ಲ ಎಂದಾದರೆ ಮೇಜು ನಿನ್ನದಾಗಿಯೇ ಉಳಿಯುತ್ತದೆ. ಹೂಂ ಅನ್ನು, ನಾಳೆಯೇ ಬರೆಯುತ್ತೇನೆ. ನನ್ನ ಜನ್ಮದಲ್ಲಿ ಇಂಥ ಕಾಗದ ಬರೆದವನಲ್ಲ ನಾನು. ನಿನಗಾಗಿ ಬರೆಯುತ್ತೇನೆ.

ಮೇಷ್ಟ್ರು


ಏಪ್ರಿಲ್ ೮

ಮೇಷ್ಟ್ರೇ, ನಮಸ್ಕಾರ.

ದಯವಿಟ್ಟು ಆ ಕಾಗದ ಬರೆಯಬೇಡಿ. ಬರೆದು ಹಾಕಿಬಿಟ್ಟಿದ್ದರೆ ಇನ್ನೊಂದು ಬರೆದು ಅದು ಸುಳ್ಳು ಎಂದು ತಿಳಿಸಿಬಿಡಿ. ಡಾಕ್ಟರಮ್ಮನ ತಲೆಗೆ ಕಟ್ಟುವುದು ಬೇಡ. ತಪ್ಪು ಮಾಡಿದವಳು ನಾನು, ಅದನ್ನು ತಿದ್ದಿದವಳೂ ನಾನೇ. ಎರಡೂ ನನ್ನ ಹೆಸರಿನಲ್ಲೇ ಇರಲಿ.

ನಾನು ಬರೆಯದೆ ಇದ್ದದ್ದು ಸಿಟ್ಟಿಗೆ, ಅಕ್ಕನವರು ಹೇಳಿದ್ದು ಸರಿ. ಮೈಗಳ್ಳಿ ಎಂಬ ಮಾತು ಓದಿ ನಿಮ್ಮ ಕಾಗದವನ್ನು ಮುದ್ದೆ ಮಾಡಿ ಸಿಂಕಿಗೆ ಎಸೆದೆ. ಯಾವ ಸಿಂಕು ಎಂದರೆ, ಹಿಂದಿನ ಕೋಣೆಯಲ್ಲಿ ಪ್ಲಾಸ್ಟರ್ ತೊಳೆಯುತ್ತಾರಲ್ಲ, ಅದೇ. ನಾನು ಕೂರುವುದು ಅದರ ಪಕ್ಕ. ನೀವು ಲ್ಯಾಬ್ ಬಿಟ್ಟ ವಾರದಿಂದಲೂ ಅಲ್ಲೇ. ನಿಮ್ಮ ಮೇಜಿನ ಜಾಗದಲ್ಲಿ ಇಲಿಯಪ್ಪನ ಕಂಪ್ಯೂಟರು ಇದೆ, ಕಿಟಕಿಗೆ ದಪ್ಪ ಪರದೆ ಬಿದ್ದಿದೆ. ಕಿಟಕಿ ನನ್ನದಲ್ಲ ಎಂದು ನಿಮಗೆ ಬರೆಯಲು ನನ್ನ ಕೈ ಬರಲಿಲ್ಲ. ಮೇಷ್ಟ್ರ ಜಾಗದಲ್ಲಿ ಕೂತಿದ್ದೇನೆ ಎಂದು ನೀವು ತಿಳಿದಿರುವುದೇ ನನಗೆ ಒಂದು ಹೆಮ್ಮೆಯಾಗಿತ್ತು. ಬಣ್ಣ ನೋಡಿದ್ದು ಟ್ಯೂಬ್‌ಲೈಟಿನಡಿಯೇ. ಎದ್ದು ಹೋಗಿ ಅವನ ಪರದೆ ಸರಿಸುತ್ತೀಯಾ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳಲಿಲ್ಲ. ನನ್ನ ಮೇಷ್ಟ್ರ ಕಿಟಕಿಯ ಬೆಳಕನ್ನು ನಾನು ಇನ್ನೊಬ್ಬರ ಹತ್ತಿರ ಕಡ ಕೇಳಬೇಕೇ ಎನಿಸಿತು.

ಡಬ್ಬಿ ವಾಪಸು ಬಂದಾಗ ಯಜಮಾನರು ಅದನ್ನು ನೋಡಿ "ಆಯ್ತಲ್ಲ," ಎಂದರು, ಅಷ್ಟೇ. ಕೆಲಸದ ಚೀಟಿ ಇಲಿಯಪ್ಪನ ಕಡೆಗೆ ಹೋಯಿತು. ನಾನು ನಿಮ್ಮ ಕಾಗದದ ಮೇಲಿನ ಸಿಟ್ಟಿಗೆ ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದುಕೊಂಡು ಬೀದಿಗೆ ಇಳಿದೆ. ನೀವು ಹೇಳಿದ್ದು ತಪ್ಪು ಎಂದು ಸಾಬೀತು ಮಾಡಬೇಕಿತ್ತು. ಫುಟ್‌ಪಾತಿನಲ್ಲಿ ಬೀಗದ ಕೈ ಮಾಡುವವರ ಅಂಗಡಿ ಮುಂದೆ ನಿಂತು, ಅಚ್ಚಿನ ಮೇಲೆ ಹಲ್ಲು ಕೂರಿಸಿ, ನಿಮ್ಮ ಕೋರೆಹಲ್ಲಿನ ಬಣ್ಣದ ಮಾದರಿ ತುಂಡನ್ನು ಪಕ್ಕದಲ್ಲಿ ಹಿಡಿದು ಬಿಸಿಲಿಗೆ ಎತ್ತಿದೆ.

ಬೂದಿ. ನೀವು ಹೇಳಿದ್ದೇ ಸರಿ. ಸುಣ್ಣದ ಗೋಡೆ ಎಂದದ್ದೂ ಸರಿ. ಅಲ್ಲೇ ನಿಂತು ಅತ್ತೆ. ಬೀಗದವರು ಸ್ಟೂಲ್ ಕೊಟ್ಟು, "ಯಾರ ಹಲ್ಲಮ್ಮ? ಹೋಗ್ಬಿಟ್ರಾ ಪಾಪ?" ಎಂದರು. ಇಲ್ಲ, ಗಟ್ಟಿಮುಟ್ಟಾಗಿದ್ದಾರೆ, ಅದೇ ತೊಂದರೆ ಎಂದೆ.

ಒಳಗೆ ಬಂದಾಗ ನಿಮ್ಮ ಕೆಲಸದ ಚೀಟಿ ನನ್ನ ಮೇಜಿನ ಮೇಲಿತ್ತು. ಇಲಿಯಪ್ಪ ತಂದಿಟ್ಟಿದ್ದ. "ಬಣ್ಣ ತಾನೇ ಕೆಟ್ಟಿರೋದು, ಆಕಾರ ಅಲ್ವಲ್ಲ. ಇದು ನಿಮ್ಮ ಕೆಲಸ ಅಕ್ಕಾ, ನಾನು ಮುಟ್ಟಲ್ಲ," ಎಂದ. ಯಜಮಾನರಿಗೂ ಹಾಗೇ ಹೇಳಿದನಂತೆ. ಅವನಿಗೆ ಹೆಸರಿಟ್ಟು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮತ್ತೆ ಮೊದಲಿನಿಂದ ಶುರುಮಾಡಿದೆ. ಒಂದೊಂದು ಪದರ ಸುಟ್ಟು ತೆಗೆದಾಗಲೂ ಬೀದಿಗೆ ಓಡುವುದು, ಬಿಸಿಲಿಗೆ ಹಿಡಿಯುವುದು, ಮೇಲೆ ಬರುವುದು. ಬಸ್ ಕಾಯುವವರೆಲ್ಲ ನನ್ನ ಸುತ್ತ ಸೇರಿ ಅಭಿಪ್ರಾಯ ಕೊಡತೊಡಗಿದರು. ಒಬ್ಬಾಕೆ "ಇನ್ನೊಂಚೂರು ಬಿಳಿ ಇರ್ಲಿ ಕಣಮ್ಮ," ಎಂದು ಚೌಕಾಸಿಗೇ ಇಳಿದರು.

ಹೀಗೆ ಒಂದು ದಿನ ನಿಂತಿದ್ದಾಗ ಮೇಲೆ ಪರದೆ ಸರಿಯಿತು, ಇಲಿಯಪ್ಪ ಕತ್ತು ಹೊರಗೆ ಹಾಕಿದ. ಆಮೇಲೆ ಕೆಳಗೇ ಇಳಿದು ಬಂದ.

"ಮೇಲೆ ಇಷ್ಟು ದೊಡ್ಡ ಕಿಟಕಿ ಇದೆಯಲ್ಲಕ್ಕಾ, ಇಲ್ಲೇನ್ ಮಾಡ್ತಿದೀರಾ?"

"ಅದು ನಿಮ್ಮ ಕಿಟಕಿ ಅಲ್ವೇನಪ್ಪಾ," ಎಂದೆ, ಸ್ವಲ್ಪ ಬಿಗಿಯಾಗೇ.

"ಅಯ್ಯೋ, ಆ ಬೆಳಕಿಗೆ ನನಗೆ ಸ್ಕ್ರೀನೇ ಕಾಣಲ್ಲ. ಅದಕ್ಕೇ ಪರದೆ ತಂದು ಹಾಕಿದ್ದು. ಮೇಷ್ಟ್ರ ಜಾಗದಲ್ಲಿ ಕೂರೋಕೆ ನಿಮಗೆ ಮನಸ್ಸಾಗ್ದೆ ನೀವೇ ಹಿಂದೆ ಹೋದ್ರಿ ಅಂದ್ಕೊಂಡಿದ್ದೆ. ಹಿಂದಿನ ಕೋಣೆ ಕತ್ತಲೆ ನನಗೆ ಎಷ್ಟು ಅನುಕೂಲ ಗೊತ್ತಾ? ಕೇಳಿದ್ರೆ ಬೇಜಾರಾಗ್ತೀರಾ ಅಂತ ಸುಮ್ನಿದ್ದೆ."

ಇಷ್ಟು ತಿಂಗಳು ಅವನು ಬೆಳಕಿನಲ್ಲಿ ಕೂತು ಕತ್ತಲೆಗೆ ಆಸೆಪಟ್ಟ, ನಾನು ಕತ್ತಲೆಯಲ್ಲಿ ಕೂತು ಬೆಳಕಿಗೆ. ಇಬ್ಬರೂ ಬಾಯಿ ಬಿಡಲಿಲ್ಲ. ಆ ಮಧ್ಯಾಹ್ನವೇ ಮೇಜುಗಳನ್ನು ಎಳೆದೆವು. ಹೊರಗೆ ಹೋಗಿದ್ದ ಯಜಮಾನರು ಬಾಗಿಲಲ್ಲೇ ನಿಂತು, "ಏನ್ರೋ ಇದು, ಮನೆ ಖಾಲಿ ಮಾಡ್ತಿದೀರಾ?" ಎಂದರು. ಇಬ್ಬರಿಗೂ ಇದೇ ಅನುಕೂಲ ಎಂದೆವು. ನಾನು ಹಳೆಯ ನಾಲ್ಕು ಮತ್ತು ಹೊಸ ನಾಲ್ಕನ್ನು ಕಿಟಕಿಯ ಹಲಗೆಯ ಮೇಲೆ ಅಕ್ಕಪಕ್ಕ ಇಟ್ಟೆ. ಅವರೂ ಒಂದು ಕಾಲದಲ್ಲಿ ಕೈಕೆಲಸ ಮಾಡಿದವರೇ ಅಲ್ಲವೇ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಬಗ್ಗಿ ನೋಡಿದರು. ಬಹಳ ಹೊತ್ತು ಬಗ್ಗಿಯೇ ಇದ್ದರು.

"ಕಿಟಕಿ ನಿಂಗಿರ್ಲಿ," ಎಂದರು. "ಕೆಲಸದ ಮಾತು ಮೇಷ್ಟ್ರು ಇದನ್ನ ನೋಡಿ ಏನಂತಾರೋ ಆಮೇಲೆ."

ಆದ್ದರಿಂದ ಈಗಲೂ ತೀರ್ಮಾನ ನಿಮ್ಮ ಬಾಯಲ್ಲೇ ಇದೆ. ಡಬ್ಬಿ ಕಳಿಸಿದ್ದೇನೆ. ಇವನ್ನು ಬೀದಿಯ ಬಿಸಿಲಿನಲ್ಲಿ ನೋಡಿದ್ದೇನೆ, ಮೋಡದಲ್ಲಿ ನೋಡಿದ್ದೇನೆ, ನಿಮ್ಮ ಕಿಟಕಿಯಲ್ಲಿ ಬೆಳಗ್ಗೆಯೇ ನೋಡಿದ್ದೇನೆ. ಮತ್ತೆ ಬೇಡ ಎನಿಸಿದರೆ ಮತ್ತೆ ವಾಪಸು ಕಳಿಸಿ, ಸಂಕೋಚ ಬೇಡ. ಅಳುವುದಿಲ್ಲ. ಮೂರನೆಯ ಸಲ ಬೇಕಾದರೂ ಮಾಡುತ್ತೇನೆ.

ನಿಮ್ಮ ಶಿಷ್ಯೆ,
ಅವಸರಮ್ಮ


ಏಪ್ರಿಲ್ ೨೧

ಮಗಳೇ,

ನಿನ್ನ ಕಾಗದ ಎರಡು ಸಲ ಓದಿದೆ. ಪ್ಲಾಸ್ಟರಿನ ಸಿಂಕಿನ ಪಕ್ಕ ಕೂತವಳನ್ನು ನಾನು ಮೈಗಳ್ಳಿ ಎಂದೆ. ತಪ್ಪಾಯಿತು. ಇದು ಅಕ್ಕ ಹೇಳಿದ್ದಲ್ಲ, ನಾನು ಹೇಳುತ್ತಿರುವುದು. ಇನ್ನು ಮೇಲೆ ನನಗೆ ಸುಳ್ಳು ಬರೆಯಬೇಡ. ಕತ್ತಲೆಯಲ್ಲಿದ್ದರೆ ಕತ್ತಲೆ ಎಂದೇ ಬರೆ. ನಾನು ನಿನ್ನ ಮೇಷ್ಟ್ರು, ನಿನ್ನ ಗಿರಾಕಿಯಲ್ಲ.

ಈಗ ಹಲ್ಲಿನ ವಿಷಯ. ಡಾಕ್ಟರಮ್ಮ ಈ ಸಲ ನನ್ನನ್ನು ಒಳಗೆ ಕೂರಿಸುವ ಮೊದಲೇ ಕುರ್ಚಿಯೊಂದನ್ನು ಮೆಟ್ಟಿಲ ಮೇಲೆ ಹಾಕಿಸಿದ್ದರು. ಪೇಸ್ಟ್ ಹಚ್ಚಿ ಕೂರಿಸಿದರು, ಹೊರಗೆ ಬಂದೆವು. ಕನ್ನಡಿ ಹಿಡಿದೆ. ಎಡದಿಂದ ನೋಡಿದೆ, ಬಲದಿಂದ ನೋಡಿದೆ, ತುಟಿ ಎತ್ತಿ ನೋಡಿದೆ. ತಪ್ಪು ಹುಡುಕಿದೆ, ನಿನ್ನಾಣೆ. ನನ್ನ ಅಭ್ಯಾಸ ನಿನಗೆ ಗೊತ್ತು, ಏನಾದರೊಂದು ಸಿಕ್ಕೇ ಸಿಗುತ್ತದೆ. ಡಾಕ್ಟರಮ್ಮ ಪಕ್ಕದಲ್ಲೇ ಕಾಯುತ್ತಿದ್ದರು. ಕೊನೆಗೆ "ಏನ್ ಸಾರ್?" ಎಂದರು. "ಅಂಟಿಸಿಬಿಡಿ," ಎಂದೆ. ಅಷ್ಟು ಹೇಳಿ ಕನ್ನಡಿಯನ್ನು ಮುಖಕ್ಕೆ ಅಡ್ಡ ಹಿಡಿದೆ. ಅವರು ನೋವಾಯಿತೇನೋ ಎಂದುಕೊಂಡು ನೀರು ತರಿಸಿದರು.

ಮನೆಗೆ ಬಂದು ಅಕ್ಕನ ಮುಂದೆ ನಿಂತು ನಕ್ಕೆ. ಅವಳು ನೋಡಿದಳು, ಮತ್ತೆ ನೋಡಿದಳು. "ಯಾಕೋ, ಇವತ್ತೂ ಹಾಕ್ಲಿಲ್ವಾ? ಬರೀ ತೊಳೆದು ಕಳಿಸಿದ್ರಾ?" ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಮ್ಮ ಕಸುಬಿನಲ್ಲಿ ಇದೆಯೇ, ನೀನೇ ಹೇಳು. ಹಾಕಿದ್ದಾರೆ ಎಂದು ಹೇಳಿದ ಮೇಲೆ ಕಿಟಕಿಯ ಹತ್ತಿರ ಎಳೆದುಕೊಂಡು ಹೋಗಿ ಬೆರಳಿನಿಂದ ತಟ್ಟಿ ನೋಡಿದಳು. "ಮೊದಲ ಸಂಬಳ ತಂದ ದಿನ ಹಿಂಗೇ ನಗ್ತಿದ್ದೆ ಕಣೋ," ಎಂದು ಒಳಗೆ ಹೋದಳು.

ಯಜಮಾನ ಫೋನ್ ಮಾಡಿದ್ದ. ನನಗೆ ಎಂದಿನಂತೆ ಗುಂಯ್. ಅವನು ಏನು ಕೇಳಿದನೋ ಬಿಟ್ಟನೋ, ನಾನು ಕೂಗಿ ಹೇಳಿದೆ: "ಸರಿಯಾಗಿದೆ! ನಾನು ಮಾಡಿದ್ದಕ್ಕಿಂತ ಚೆನ್ನಾಗಿದೆ! ನಾನು ಈ ಮಾತು ಯಾರಿಗೂ ಹೇಳಿದೋನಲ್ಲ, ನಿನಗೂ ಹೇಳಿಲ್ಲ!" ಪಕ್ಕದ ಮನೆಯವರು ಹೊರಗೆ ಬಂದರು. ಆಮೇಲೆ ಅಕ್ಕ ಫೋನ್ ಕಿತ್ತುಕೊಂಡು ಕೇಳಿಸಿಕೊಂಡಳು. ಮುಂಹಲ್ಲಿನ ಕೆಲಸ ಇವತ್ತಿನಿಂದ ನಿನ್ನದೇ ಎಂದು ಹೇಳಿದನಂತೆ. ನಿನಗೆ ಈಗಾಗಲೇ ಗೊತ್ತಿರುತ್ತದೆ. ಗೊತ್ತಿದ್ದರೂ ನನ್ನ ಕಾಗದದಲ್ಲಿ ಇರಲಿ ಎಂದು ಬರೆದೆ. ಇಲಿಯಪ್ಪನಿಗೆ ನೀನು ಕಲಿತದ್ದನ್ನೆಲ್ಲ ಹೇಳಿಕೊಡು. ಡಾಕ್ಟರಮ್ಮ ಇನ್ನೆರಡು ಅಚ್ಚು ಕಳಿಸುತ್ತಿದ್ದಾರೆ, ಚೀಟಿಯಲ್ಲಿ ನಿನ್ನ ಹೆಸರು ಅವರೇ ಬರೆದಿದ್ದಾರೆ.

ಒಂದು ತಪ್ಪು ಒಪ್ಪಿಕೊಂಡು ಮುಗಿಸುತ್ತೇನೆ. ನಾವು ಮಾಡಿದ ಹಲ್ಲು ಯಾರಿಗೂ ಗೊತ್ತಾಗಬಾರದು, ಗೊತ್ತಾಗದೆ ಇದ್ದರೆ ಗೆದ್ದೆವು, ಅದೇ ನಮ್ಮ ನಿಯಮ. ಆ ನಿಯಮವನ್ನು ನಾನೇ ಮುರಿದೆ. ನಿನ್ನೆ ಕ್ಷೌರದ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಕುರ್ಚಿಯಲ್ಲಿದ್ದ ಅಪರಿಚಿತರೊಬ್ಬರು ಕನ್ನಡಿಯಲ್ಲಿ ನನ್ನನ್ನು ನೋಡಿ, "ಈ ವಯಸ್ಸಲ್ಲೂ ನಿಮ್ಮ ಹಲ್ಲು ಎಷ್ಟು ಚೆನ್ನಾಗಿದೆ ಸಾರ್," ಎಂದರು. ಥ್ಯಾಂಕ್ಸ್ ಎಂದು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ತಡೆಯಲಾಗಲಿಲ್ಲ.

"ನನ್ನದಲ್ಲ ರೀ," ಎಂದೆ.

ಅವರು ಗಾಬರಿಯಾಗಿ ನನ್ನ ಕಡೆಗೇ ತಿರುಗಿದರು. "ಮತ್ತೆ ಯಾರದ್ದು?"

"ನನ್ನ ಶಿಷ್ಯೇದು," ಎಂದೆ.